ಪೀಡಾಚಿಂತನೆ: ದೀರ್ಘವ್ಯಾಧಿ, ಮನೋವಿಷಾದ ಮತ್ತು ವ್ರತ

ಧ್ಯಾನವೆಂದೊಡನೆ ಅದು ಶುಭವಾದುದೆಂದೇ ನಮ್ಮ ಮನೆಗಳಲ್ಲಿ ಭಾವಿಸುವುದುಂಟು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ನಾಲ್ಕು ಬಗೆಗಳನ್ನು ಹೇಳುವಾಗ ಆರ್ತಧ್ಯಾನವನ್ನೇ ಮೊದಲಿಗೆ ಎಣಿಸಿದ್ದಾರೆ. ಒಲ್ಲದುದು ಬಂದು ಸೇರಿದಾಗ, ಒಲಿದುದು ಅಗಲಿದಾಗ, ದೇಹದಲ್ಲಿ ವೇದನೆಯುಂಟಾದಾಗ, ಮುಂದಿನ ಭೋಗವನ್ನು ಬಯಸಿದಾಗ ಮನಸ್ಸು ಅದನ್ನೇ ಸುತ್ತುತ್ತ ನಿಲ್ಲುವುದೇ ಆರ್ತಧ್ಯಾನ. ಇವುಗಳಲ್ಲಿ ಮೂರನೆಯದಕ್ಕೆ ಪೀಡಾಚಿಂತನೆಯೆಂದು ಹೆಸರು. ವ್ಯಾಧಿಯ ನೋವು ಮನಸ್ಸನ್ನು ಹಿಡಿದಿಟ್ಟುಕೊಳ್ಳುವ ಈ ಸ್ಥಿತಿಗೆಂದೇ ಆಚಾರ್ಯರು ಪ್ರತ್ಯೇಕವಾಗಿ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾರೆ. ಅಷ್ಟೇ ಅಲ್ಲ, ಆರ್ತಧ್ಯಾನವು ಅವಿರತನಿಗೂ, ದೇಶವ್ರತಿಯಾದ ಶ್ರಾವಕನಿಗೂ, ಪ್ರಮತ್ತಸಂಯತನಾದ ಮುನಿಗೂ ಉಂಟಾಗಬಹುದೆಂದು ಮುಂದೆ ಹೇಳುತ್ತಾರೆ. ಮಹಾವ್ರತಿಗಳಿಗೂ ತಪ್ಪದ ಈ ಸ್ಥಿತಿ ತನಗೆ ಬಂದಿತೆಂದು ಗೃಹಸ್ಥನೊಬ್ಬನು ನಾಚಿಕೊಳ್ಳಬೇಕಾದ ಕಾರಣವಿಲ್ಲ.

ಈ ವಿಷಯದಲ್ಲಿ ಕರ್ಮಸಿದ್ಧಾಂತವು ಒಂದು ಸೂಕ್ಷ್ಮವಾದ ಭೇದವನ್ನು ತೋರಿಸುತ್ತದೆ. ದೇಹದ ನೋವು ಅಸಾತಾವೇದನೀಯದ ಉದಯ. ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವಿಕೆ, ಕಾರಣವಿಲ್ಲದ ಅಳು, ಹಿಂದೆ ಪ್ರಿಯವಾಗಿದ್ದುದರಲ್ಲಿಯೂ ಬೇಸರ, ಇವು ಚಾರಿತ್ರಮೋಹನೀಯದ ನೋಕಷಾಯಗಳಾದ ಅರತಿ ಮತ್ತು ಶೋಕಗಳ ಉದಯ. ಹೀಗೆ ಇವೆರಡೂ ಬೇರೆ ಬೇರೆ ಪ್ರಕೃತಿಗಳು. ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳ ಪಟ್ಟಿಯಲ್ಲಿಯೂ ರೋಗಪರೀಷಹ ಬೇರೆ, ಅರತಿಪರೀಷಹ ಬೇರೆ. ನೋವಿದ್ದವರಿಗೆಲ್ಲ ವಿಷಾದವಿರಬೇಕೆಂದಿಲ್ಲ, ವಿಷಾದವಿದ್ದವರಿಗೆಲ್ಲ ನೋವಿರಬೇಕೆಂದಿಲ್ಲ. ಆದರೆ ಒಂದು ಬಹುಕಾಲ ನಿಂತರೆ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ.

ಇಂದಿನ ವೈದ್ಯಶಾಸ್ತ್ರದ ಅಭಿಪ್ರಾಯವೂ ಇದಕ್ಕೆ ದೂರವಿಲ್ಲ. ಮೂರು ತಿಂಗಳನ್ನು ಮೀರಿ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲೀನ ನೋವೆಂದು ಕರೆಯುತ್ತಾರೆ. ಅಷ್ಟು ಕಾಲ ಉಳಿದ ನೋವಿನಲ್ಲಿ ಅನೇಕ ವೇಳೆ ನರಮಂಡಲವೇ ಅತಿಸೂಕ್ಷ್ಮವಾಗಿ, ಮೂಲದ ಗಾಯ ಮಾಯ್ದ ಮೇಲೂ ನೋವಿನ ಸಂದೇಶವನ್ನು ಕಳುಹಿಸುತ್ತಲೇ ಇರುತ್ತದೆ. ಆದುದರಿಂದ ಎಕ್ಸರೇಯಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ನೋವು ಸುಳ್ಳೆಂದಲ್ಲ. ಫೈಬ್ರೊಮಯಾಲ್ಜಿಯಾ ಎಂಬ ವ್ಯಾಧಿಯಲ್ಲಿ ರಕ್ತಪರೀಕ್ಷೆಯೂ ಎಕ್ಸರೇಯೂ ಸರಿಯಾಗಿಯೇ ಇದ್ದು ಮೈಯೆಲ್ಲ ನೋಯುತ್ತದೆ. ಇನ್ನು ವಿಷಾದದ ವಿಷಯ. ಎರಡು ವಾರಗಳಿಗೂ ಮೀರಿ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಅದರೊಡನೆ ನಿದ್ರೆ ಹಸಿವುಗಳು ಕೆಡುವುದು, ತಾನು ಎಲ್ಲರಿಗೂ ಹೊರೆಯೆಂಬ ಭಾವನೆ, ಸಾವಿನ ಯೋಚನೆ, ಇವು ಕೂಡಿಬಂದರೆ ಅದನ್ನು ಖಿನ್ನತೆಯೆಂಬ ರೋಗವೆಂದೇ ತಿಳಿಯಬೇಕು. ನೋವಿನ ಅನುಭವಕ್ಕೂ ಮನಸ್ಸಿನ ಉತ್ಸಾಹಕ್ಕೂ ಮೆದುಳಿನಲ್ಲಿ ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ಒಂದೇ ದ್ರವ್ಯಗಳು ದುಡಿಯುತ್ತವೆ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಮುಂತಾದ ಔಷಧಗಳನ್ನು ವೈದ್ಯರು ಎರಡಕ್ಕೂ ಕೊಡುವುದು ಈ ಕಾರಣದಿಂದ. ನೋವಿಗೆಂದು ಹೋದವರಿಗೆ ಮನಸ್ಸಿನ ಔಷಧವನ್ನು ಬರೆದುಕೊಟ್ಟರೆಂದು ಮನೆಯವರು ಸಿಡಿಮಿಡಿಗೊಳ್ಳಬಾರದು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಶ್ರಾವಕ ಕುಟುಂಬಗಳ ಜೀವನವನ್ನು ಗಮನಿಸಿದರೆ ಈ ಮಾತುಗಳ ಅಗತ್ಯ ತಿಳಿಯುತ್ತದೆ. ತೆಂಗು ಅಡಿಕೆಗಳ ಸೀಮೆಯಿದು. ಸುಗ್ಗಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅಡಿಕೆ ಸುಲಿದ ಮಂಡಿ, ಬಿಂದಿಗೆ ಹೊತ್ತ ಸೊಂಟ ಐವತ್ತರ ಆಚೆಗೆ ತಮ್ಮ ಲೆಕ್ಕವನ್ನು ಕೇಳುತ್ತವೆ. ಇಲ್ಲಿ ಜೈನರ ಮನೆಗಳು ಸಾಲಾಗಿ ಕೂಡಿರುವುದು ಅಪರೂಪ. ನೋವಿನಿಂದ ಬಸ್ಸು ಹತ್ತಲಾಗದವರಿಗೆ ಬಸದಿಯ ದರ್ಶನವೂ, ಸಿಂಹನಗದ್ದೆಯ ಜ್ವಾಲಾಮಾಲಿನಿಯ ಕ್ಷೇತ್ರಯಾತ್ರೆಯೂ, ಪರ್ವದಿನಗಳ ಸಹವಾಸವೂ ಒಂದೊಂದಾಗಿ ತಪ್ಪಿಹೋಗುತ್ತವೆ. ಇಪ್ಪತ್ತು ವರ್ಷ ಅಷ್ಟಮಿ ಚತುರ್ದಶಿಗಳನ್ನು ಬಿಡದೆ ಆಚರಿಸಿದ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಸಂಧಿವಾತ ಬಂದ ಮೇಲೆ ಮೊದಲು ಅವಳ ಪೂಜೆ ತಪ್ಪಿತು, ಆಮೇಲೆ ಉಪವಾಸ ತಪ್ಪಿತು, ಕೊನೆಗೆ ಸ್ವಾಧ್ಯಾಯದ ಪುಸ್ತಕವನ್ನೂ ಮುಟ್ಟದಾದಳು. ನೋವಿಗಿಂತ ವ್ರತಭಂಗವಾಯಿತೆಂಬ ಕೊರಗೇ ಅವಳನ್ನು ಹೆಚ್ಚು ತಿನ್ನುತ್ತದೆ.

ಅಂಥವಳ ಮುಂದೆ ಕುಳಿತು, ಎಲ್ಲ ನಿನ್ನ ಪೂರ್ವಾರ್ಜಿತ ಕರ್ಮ, ಅನುಭವಿಸಿಯೇ ತೀರಬೇಕು ಎನ್ನುವವರು ಕಡಮೆಯಿಲ್ಲ. ಸಿದ್ಧಾಂತವನ್ನು ಅರ್ಧ ಓದಿದವರ ಮಾತಿದು. ಕರ್ಮದ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತದಿಂದ ಫಲಕೊಡುತ್ತದೆಯೆಂದು ಹೇಳಿರುವಾಗ, ಔಷಧವೂ ಒಂದು ದ್ರವ್ಯ, ಆಸರೆಯ ಮಾತೂ ಒಂದು ನಿಮಿತ್ತ. ಅಲ್ಲವಾದರೆ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವೆಲ್ಲಿಯದು? ಇನ್ನೊಂದು ಮುಖ್ಯಾಂಶವಿದೆ. ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನಗಳನ್ನು ತನ್ನಲ್ಲಾಗಲಿ, ಪರರಲ್ಲಾಗಲಿ, ಇಬ್ಬರಲ್ಲಿಯೂ ಆಗಲಿ ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಆರನೆಯ ಅಧ್ಯಾಯದಲ್ಲಿದೆ. ಇದನ್ನು ರೋಗಿಗೆ ಓದಿ ಹೇಳಿ, ನೀನು ಅಳುವುದರಿಂದ ಇನ್ನಷ್ಟು ಕರ್ಮ ಕಟ್ಟಿಕೊಳ್ಳುತ್ತಿರುವೆ ಎಂದು ಎಚ್ಚರಿಸುವವರು, ಪರರಲ್ಲಿ ಶೋಕವನ್ನುಂಟುಮಾಡುವವರ ಮಾತೂ ಅದೇ ಸೂತ್ರದಲ್ಲಿದೆಯೆಂಬುದನ್ನು ಮರೆಯುತ್ತಾರೆ.

ರೋಗದಿಂದ ಬಳಲಿ ದೇಹವನ್ನೇ ಬಿಡಲು ಬಯಸಿದವರ ವೃತ್ತಾಂತವೊಂದು ಕನ್ನಡ ನಾಡಿನ ಪರಂಪರೆಯಲ್ಲಿಯೇ ಇದೆ. ಸಮಂತಭದ್ರಾಚಾರ್ಯರಿಗೆ ಭಸ್ಮಕವ್ಯಾಧಿ ತಗುಲಿತೆಂದು ದೇವಚಂದ್ರನ ರಾಜಾವಳೀಕಥೆ ಹೇಳುತ್ತದೆ. ಎಷ್ಟು ಉಂಡರೂ ಬೂದಿಯಾಗಿ, ಹಸಿವು ಕರುಳನ್ನೇ ಸುಡುವ ಬೇನೆಯದು. ಮಣುವಕಹಳ್ಳಿಯಲ್ಲಿದ್ದಾಗ ಈ ಬೇನೆ ಬಂದಿತು. ದಿನಕ್ಕೊಮ್ಮೆ ಆಹಾರ ಸ್ವೀಕರಿಸುವ ಮುನಿಗೆ ಇದಕ್ಕಿಂತ ಕಠಿನವಾದ ರೋಗವಿಲ್ಲ. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಕೊಡಲಿಲ್ಲ. ನಿಮ್ಮಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದೆ, ದೀಕ್ಷೆಯನ್ನು ಸದ್ಯಕ್ಕೆ ಇಳಿಸಿಟ್ಟಾದರೂ ರೋಗ ಶಮನವಾಗುವಷ್ಟು ಆಹಾರ ದೊರೆಯುವೆಡೆಗೆ ಹೋಗಿ ಗುಣಮಾಡಿಕೊಳ್ಳಿರಿ, ಮತ್ತೆ ದೀಕ್ಷೆ ಪಡೆಯಬಹುದು ಎಂದರು. ಸಮಂತಭದ್ರರು ಹಾಗೆಯೇ ಮಾಡಿದರು. ಅವರು ಹೋದ ಊರು ಕಂಚಿಯೆಂದು ಒಂದು ಕಥೆ, ಕಾಶಿಯೆಂದು ಇನ್ನೊಂದು ಕಥೆ. ಶಿವಾಲಯದ ನೈವೇದ್ಯವನ್ನು ಉಂಡು ರೋಗ ನೀಗಿತು. ಸ್ವಯಂಭೂಸ್ತೋತ್ರ ಹುಟ್ಟಿದ್ದೂ ಅಲ್ಲಿಯೇ ಎಂದು ಪ್ರತೀತಿ. ಆಮೇಲೆ ಪುನಃ ದೀಕ್ಷೆಯಾಯಿತು. ಶ್ರವಣಬೆಳಗೊಳದ ಶಕ 1050ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಅವರು ಭಸ್ಮಕವನ್ನು ಗೆದ್ದ ಉಲ್ಲೇಖವಿದೆ.

ಈ ಕಥೆಯಲ್ಲಿ ಸ್ತೋತ್ರದ ಮಹಿಮೆಯನ್ನಷ್ಟೇ ಹೇಳುವ ರೂಢಿ ನಮ್ಮಲ್ಲಿ ಹೆಚ್ಚು. ಗುರುಗಳ ನಿರಾಕರಣೆಯೂ ಅಷ್ಟೇ ಮಹತ್ತ್ವದ್ದು. ಚಿಕಿತ್ಸೆಗೆ ದಾರಿಯಿರುವ ರೋಗದಲ್ಲಿ ದೇಹತ್ಯಾಗಕ್ಕೆ ಅವಕಾಶವಿಲ್ಲವೆಂಬುದು ಅದರ ಅರ್ಥ. ಸಮಂತಭದ್ರರೇ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಲಕ್ಷಣ ಹೇಳುವಾಗ, ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದವಾಗಿರಬೇಕೆಂದು ನಿಬಂಧನೆ ಹಾಕಿದ್ದಾರೆ. ಸಾವನ್ನು ಬಯಸುವುದು, ಎಂದರೆ ಮರಣಾಶಂಸೆ, ಸಲ್ಲೇಖನದ ಐದು ಅತಿಚಾರಗಳಲ್ಲೊಂದು. ಖಿನ್ನತೆಯಿಂದ ಬಳಲುವವರು ಸಲ್ಲೇಖನದ ಮಾತೆತ್ತಿದರೆ ಅದನ್ನು ವೈರಾಗ್ಯವೆಂದು ಹೊಗಳುವುದು ಅಪಾಯಕರ. ವೈರಾಗ್ಯದಲ್ಲಿ ಸಮತೆಯಿರುತ್ತದೆ, ಖಿನ್ನತೆಯಲ್ಲಿ ಬದುಕಿನ ಮೇಲಿನ ದ್ವೇಷವಿರುತ್ತದೆ. ಇನ್ನೇನೂ ಆಗದು, ನನ್ನಿಂದ ಎಲ್ಲರಿಗೂ ಕಷ್ಟ ಎಂಬ ಮಾತು ಕೇಳಿದೊಡನೆ ಮನೆಯವರು ಸಾವಿನ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ವಿಚಾರಿಸಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದೆಂಬ ಭಯ ನಿರಾಧಾರವಾದುದು. ಹೌದೆಂದರೆ ಒಬ್ಬರನ್ನೇ ಬಿಡದೆ, ಔಷಧದ ಡಬ್ಬಿಯನ್ನೂ ತೋಟಕ್ಕೆ ಸಿಂಪಡಿಸುವ ಕ್ರಿಮಿನಾಶಕವನ್ನೂ ಕೈಗೆ ಸಿಗದಂತೆ ಬೀಗದಲ್ಲಿಟ್ಟು, ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಇನ್ನು ಉಪವಾಸದ ವಿಚಾರ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗನುಸಾರವಾಗಿ ಮಾಡಬೇಕೆಂಬ ವಿಶೇಷಣ ಸೇರಿದೆ. ಬಾಹ್ಯತಪಸ್ಸುಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ಹಸಿವಿಗಿಂತ ಒಂದು ತುತ್ತು ಕಡಮೆ ಉಣ್ಣುವ ಅವಮೌದರ್ಯ, ತುಪ್ಪ ಬೆಲ್ಲ ಉಪ್ಪುಗಳಲ್ಲೊಂದನ್ನು ಬಿಡುವ ರಸಪರಿತ್ಯಾಗ ಇವೂ ತಪಸ್ಸುಗಳೇ. ಪ್ರೋಷಧೋಪವಾಸದಲ್ಲಿಯೂ ಉತ್ತಮ, ಮಧ್ಯಮ, ಜಘನ್ಯವೆಂಬ ಮೆಟ್ಟಿಲುಗಳಿವೆ. ಅನಾದರವೂ ಮರೆವೂ ಈ ವ್ರತದ ಅತಿಚಾರಗಳೆಂದು ಹೇಳಿದೆ. ವಿಷಾದದಲ್ಲಿ ಮುಳುಗಿದವರಿಗೆ ಉತ್ಸಾಹವೂ ಸ್ಮೃತಿಯೂ ಕುಂದಿರುವುದರಿಂದ, ಅವರಿಂದ ನಿರಾಹಾರವನ್ನು ಬಲವಂತವಾಗಿ ಮಾಡಿಸಿದರೆ ಹೊಟ್ಟೆ ಬರಿದಾದೀತೇ ಹೊರತು ವ್ರತ ಪೂರ್ಣವಾಗದು. ಹಸಿವೇ ಇಲ್ಲದವರು ಊಟ ಬಿಟ್ಟು ಅದನ್ನು ಉಪವಾಸವೆನ್ನುವುದೂ ಉಂಟು. ಮನೆಯವರು ಅದನ್ನು ರೋಗಲಕ್ಷಣವೆಂದು ಗುರುತಿಸಬೇಕು.

ವೈದ್ಯಕೀಯವಾದ ಕೆಲವು ಎಚ್ಚರಿಕೆಗಳನ್ನು ಇಲ್ಲಿ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಮುಂತಾದ ನೋವಿನ ಮಾತ್ರೆಗಳನ್ನು ಬರಿ ಹೊಟ್ಟೆಯಲ್ಲಿ ನುಂಗುತ್ತ ಹೋದರೆ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು; ನೀರನ್ನೂ ಬಿಟ್ಟ ದಿನ ಅವುಗಳಿಂದ ಮೂತ್ರಪಿಂಡಗಳಿಗೆ ಅಪಾಯ. ಸಂಧಿವಾತಕ್ಕೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡನ್ನು ಬಹುದಿನ ತೆಗೆದುಕೊಳ್ಳುತ್ತಿರುವವರು ದಶಲಕ್ಷಣ ಪರ್ವದ ಹತ್ತು ದಿನ ಮಾತ್ರೆ ಬೇಡವೆಂದು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಖಿನ್ನತೆಯ ಔಷಧಗಳ ಪ್ರಭಾವ ಕಾಣಲು ಎರಡರಿಂದ ನಾಲ್ಕು ವಾರಗಳು ಬೇಕು. ಅವುಗಳನ್ನೂ ತಾವಾಗಿಯೇ ಹಠಾತ್ತನೆ ಬಿಡಬಾರದು. ಮಧುಮೇಹವಿದ್ದವರು ವೈದ್ಯರನ್ನು ಕೇಳದೆ ಏಕಭುಕ್ತವನ್ನೂ ಹಿಡಿಯಬಾರದು. ಆದುದರಿಂದ ವ್ರತವನ್ನು ಸ್ವೀಕರಿಸುವ ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳುವುದು ಸೂಕ್ತ. ರಾತ್ರಿಭೋಜನತ್ಯಾಗಿಗಳು ಮಲಗುವ ಮುನ್ನ ನುಂಗಬೇಕಾದ ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮೊದಲೇ ತೆಗೆದುಕೊಳ್ಳಬಹುದೇ ಎಂದು ಕೇಳಿದರೆ ವೈದ್ಯರು ಅನೇಕ ವೇಳೆ ಹೊಂದಿಸಿಕೊಡುತ್ತಾರೆ. ಪಾಕ್ಷಿಕ ಶ್ರಾವಕನಿಗೆ ರಾತ್ರಿ ನೀರಿಗೂ ಔಷಧಕ್ಕೂ ಅವಕಾಶವಿತ್ತ ಶ್ರಾವಕಾಚಾರವೂ ಉಂಟು. ಕ್ಯಾಪ್ಸೂಲುಗಳ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜೆಲಟಿನ್. ಅದು ಒಪ್ಪದವರು ಔಷಧವನ್ನೇ ಗುಟ್ಟಾಗಿ ಬಿಡುವ ಬದಲು, ಮಾತ್ರೆಯ ರೂಪದ್ದನ್ನೋ ಸಸ್ಯಜನ್ಯ ಹೊದಿಕೆಯದನ್ನೋ ಕೇಳಿ ಪಡೆಯಲಿ.

ಕಡೂರಿನ ಕೋಟೆಯ ಬಾಗಿಲಿನ ಕಂಬದಲ್ಲಿ ಕ್ರಿ.ಶ. 971ರ ಶಾಸನವೊಂದಿದೆ. ಗಂಗರಾಜ ಬೂತುಗನ ಅಕ್ಕನಾದ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷಗಳ ಕಾಲ ತಪಸ್ಸಿನಲ್ಲಿದ್ದು ಮುಡಿಪಿದುದನ್ನು ಅದು ಹೇಳುತ್ತದೆ. ಅಲ್ಲಿ ರೋಗದ ಮಾತಿಲ್ಲ. ಆದರೆ ಮೂವತ್ತು ವರ್ಷ ನಡೆದ ತಪಸ್ಸು ಒಂದೇ ದಿನದ ಆವೇಶದಿಂದ ಸಾಧ್ಯವಾದೀತೇ? ದೀರ್ಘವಾದುದನ್ನು ನಡೆಸಬೇಕಾದರೆ ಅಳತೆ ಬೇಕು. ದೀರ್ಘವ್ಯಾಧಿಯ ದಿನಚರಿಗೂ ಇದು ಸಲ್ಲುತ್ತದೆ. ನೋವು ಇಳಿದಿರುವ ದಿನ ಮನೆಯೆಲ್ಲ ಸಾರಿಸಿ, ರುಬ್ಬಿ, ಪಾತ್ರೆ ಬೆಳಗಿ, ಮರುದಿನ ಪರ್ವದಂದು ಏಳಲಾರದೆ ಮಲಗುವುದು ಬಹುಮಂದಿಯ ಅನುಭವ. ಅದಾದ ಮೇಲೆ ಮೂರು ದಿನ ಹಾಸಿಗೆ, ಹಾಸಿಗೆಯಲ್ಲಿ ಪೀಡಾಚಿಂತನೆ. ಇದಕ್ಕೆ ಪ್ರತಿಯಾಗಿ, ಒಳ್ಳೆಯ ದಿನವೂ ಕೆಟ್ಟ ದಿನವೂ ಮಾಡಬಲ್ಲಷ್ಟೇ ಕೆಲಸವನ್ನು ಗೊತ್ತುಮಾಡಿಕೊಂಡು, ನಡುನಡುವೆ ವಿಶ್ರಮಿಸಿ, ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಏರಿಸುವುದು ವೈದ್ಯರು ಹೇಳುವ ಕ್ರಮ. ಅಂಗಳದಲ್ಲಿ ಹತ್ತು ನಿಮಿಷದ ನಡಿಗೆಯಿಂದ ಆರಂಭವಾದರೂ ಸಾಕು. ವ್ರತವನ್ನೂ ಹೀಗೆಯೇ ಕಟ್ಟಿಕೊಳ್ಳಬಹುದು. ಕುರ್ಚಿಯಲ್ಲಿ ಕುಳಿತೇ ಸಾಮಾಯಿಕ, ಒಂಬತ್ತು ಸಲ ಣಮೋಕಾರ, ಒಂದು ಪುಟ ಸ್ವಾಧ್ಯಾಯ. ಕೈಬೆರಳು ಜಪಮಾಲೆಯನ್ನು ಸರಿಸಲಾರದಿದ್ದರೆ ಉಸಿರನ್ನೇ ಎಣಿಸಿಕೊಳ್ಳಲಿ.

ಮನೆಯವರ ಪಾಲಿನ ತಪಸ್ಸಿಗೆ ವೈಯಾವೃತ್ತ್ಯವೆಂದು ಹೆಸರು. ಅಂತರಂಗತಪಸ್ಸುಗಳಲ್ಲಿ ಇದು ಸ್ವಾಧ್ಯಾಯಕ್ಕಿಂತ ಮೊದಲು ಬರುತ್ತದೆ. ಸೇವೆ ಪಡೆಯಲು ಅರ್ಹರಾದ ಹತ್ತು ಬಗೆಯವರಲ್ಲಿ ರೋಗಪೀಡಿತನಾದ ಗ್ಲಾನನೂ ಒಬ್ಬ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೆಂದರೆ ಕದಲಿದವರನ್ನು ಮತ್ತೆ ನಿಲ್ಲಿಸುವುದು, ಗದರುವುದಲ್ಲ. ಸೊಸೆ ಅತ್ತೆಗೆ, ಹೀಗೇಕೆ ಮಂಕಾಗಿ ಕುಳಿತಿದ್ದೀರಿ ಎನ್ನುವ ಬದಲು, ಅತ್ತೆ, ಇವತ್ತು ಆದಿಪುರಾಣದ ನಾಲ್ಕು ಸಾಲನ್ನು ನಾನು ಓದುತ್ತೇನೆ, ನೀವು ಅರ್ಥ ಹೇಳಿರಿ ಎಂದರೆ ಆಕೆ ಮತ್ತೆ ಹಿರಿಯಳಾಗುತ್ತಾಳೆ. ಪರ್ವದಿನಗಳಲ್ಲಿ ಅಕ್ಕಪಕ್ಕದ ಊರಿನ ಶ್ರಾವಿಕೆಯರು ಇಬ್ಬರು ಮೂವರಾಗಿ ಅಂಥವರ ಮನೆಗೇ ಹೋಗಿ ಆರತಿ ಸ್ತೋತ್ರಗಳನ್ನು ಮುಗಿಸಿಬರುವ ಏರ್ಪಾಡು ಕಷ್ಟವಾದುದಲ್ಲ.

ಮನೋವೈದ್ಯರನ್ನು ಕಾಣಲು ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಮೊದಲಿಗೇ ಹೋಗಬೇಕಾಗಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಅಲ್ಲಿಂದ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಚೀಟಿ ಪಡೆಯಬಹುದು. 2022ರ ಅಕ್ಟೋಬರ್ 10ರಂದು ಭಾರತ ಸರಕಾರ ಆರಂಭಿಸಿದ ಟೆಲಿಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆದರೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಂಗದ ಒಳರಟ್ಟಿನಲ್ಲಿ, ಅಷ್ಟಮಿ ಚತುರ್ದಶಿಗಳನ್ನು ಗುರುತುಹಾಕಿಕೊಳ್ಳುವ ಪುಟದಲ್ಲಿಯೇ, ಮನೆಯವರೆಲ್ಲರಿಗೂ ಕಾಣುವಂತೆ ಬರೆದಿಡಬೇಕು.