ಹಬ್ಬದ ಆಟ ಒಂದು ದಿನ, ತಾಲೀಮು ಎಷ್ಟು ದಿನ?

ಕಾರಹುಣ್ಣಿಮೆ ಮುಗಿದ ಮರುದಿನ ನಮ್ಮ ಭಾಗದ ದವಾಖಾನೆಗಳಿಗೆ ಸೊಂಟ ಹಿಡಿದುಕೊಂಡು ಬರುವ ಹುಡುಗರು ಒಬ್ಬಿಬ್ಬರಾದರೂ ಇರುತ್ತಾರೆ. ವಿಚಾರಿಸಿದರೆ ‘ಗುಂಡು ಎತ್ತಿದ್ದೆ ಸಾಹೇಬ್ರ’ ಎನ್ನುತ್ತಾರೆ. ತಾಲೀಮು ಎಷ್ಟು ದಿನ ಮಾಡಿದ್ದೆ ಎಂದು ಕೇಳಿದರೆ ಮಾತಿಲ್ಲ. ಹೋದ ವರ್ಷ ಎತ್ತಿದ್ದು ಬಿಟ್ಟರೆ ಈ ವರ್ಷ ಹಬ್ಬದ ದಿನವೇ ಕಲ್ಲಿಗೆ ಕೈ ಹಚ್ಚಿರುತ್ತಾರೆ.

ಹಾಗಾದರೆ ಹಬ್ಬದ ಆಟಗಳಿಂದ ಆರೋಗ್ಯ ಕೆಡುತ್ತದೆಯೇ? ಇಲ್ಲ. ಆದರೆ ಲಾಭವಿರುವುದು ಪಂದ್ಯದ ದಿನದಲ್ಲಲ್ಲ, ಅದಕ್ಕೆ ಮುಂಚಿನ ತಾಲೀಮಿನಲ್ಲಿ. ಹಿಂದೆ ಊರ ಜಾತ್ರೆಯಲ್ಲಿ ಕುಸ್ತಿ ಹಿಡಿಯುವವನು ತಿಂಗಳುಗಟ್ಟಲೆ ಗರಡಿ ಮನೆಯಲ್ಲಿ ಬಸ್ಕಿ, ದಂಡ ಹೊಡೆಯುತ್ತಿದ್ದ. ಚಿಕ್ಕ ಗುಂಡು ಎತ್ತಿ ರೂಢಿಯಾದ ಮೇಲೆಯೇ ದೊಡ್ಡದಕ್ಕೆ ಕೈ ಹಾಕುತ್ತಿದ್ದ. ಇಂದು ಅನೇಕ ಊರುಗಳಲ್ಲಿ ಪಂದ್ಯ ಉಳಿದಿದೆ, ಗರಡಿಗೆ ಬೀಗ ಬಿದ್ದಿದೆ.

ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಏಕೆ ಎಂದು ಅರಕೇರಾ ಕಡೆಯ ಹಿರಿಯರು ಕೇಳುವುದುಂಟು. ದುಡಿಮೆ ಈಗ ಮೊದಲಿನಂತಿಲ್ಲ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತ ಬೆಳೆಯಿತು. ಉಳಲು ಟ್ರ್ಯಾಕ್ಟರ್, ಕೊಯ್ಲಿಗೆ ಯಂತ್ರ, ಹೊಲಕ್ಕೆ ಹೋಗಲು ಮೋಟಾರ್ ಸೈಕಲ್. ಜೋಳದ ರೊಟ್ಟಿಯ ಜಾಗಕ್ಕೆ ಎರಡು ಹೊತ್ತು ಬಿಳಿ ಅನ್ನ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಪೇಟೆಯವರ ರೋಗ ಎನ್ನುವ ಕಾಲ ಹೋಯಿತು.

ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಒಳಗೆಳೆದುಕೊಳ್ಳುತ್ತದೆ. ದುಡಿದ ಸ್ನಾಯುವಿಗೆ ಇನ್ಸುಲಿನ್ ಚೆನ್ನಾಗಿ ನಾಟುವ ಗುಣ ಒಂದೆರಡು ದಿನ ಉಳಿದು ಮತ್ತೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಕಲ್ಲೆತ್ತಿ ಫಲವಿಲ್ಲದಿರುವುದು ಇದಕ್ಕೇ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಗರಡಿಯ ಬಸ್ಕಿ, ದಂಡ ಈ ಎರಡನೆಯದಕ್ಕೆ ಸರಿಹೊಂದುತ್ತವೆ.

ಗಂಡಸರ ಆಟಗಳನ್ನಷ್ಟೇ ಹೇಳಿದರೆ ಅರ್ಧ ಮಾತಾಯಿತು. ನಾಗರ ಪಂಚಮಿಯ ಜೋಕಾಲಿಯಲ್ಲಿ ನಿಂತು ಜೀಕುವಾಗ ಮೊಣಕಾಲು ಮಡಿದು ಚಾಚುತ್ತವೆ, ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ಕೈಗಳು ಹಗ್ಗವನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ವರ್ಷವಿಡೀ ಒಲೆಯ ಮುಂದೆ ಕುಳಿತವರಿಗೆ ಇದು ದೊಡ್ಡ ಶ್ರಮವೇ. ಹಗ್ಗವನ್ನು ಮೊದಲೇ ಜಗ್ಗಿ ನೋಡಿರಿ. ಜೋಕಾಲಿಯಿಂದ ಬಿದ್ದು ಮಣಿಕಟ್ಟು ಮುರಿಯುವುದು ಅಪರೂಪವಲ್ಲ. ಮೊಹರಂ ಸಮಯದಲ್ಲಿ ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುವುದಂತೂ ಹೃದಯ, ಶ್ವಾಸಕೋಶಗಳಿಗೆ ಒಳ್ಳೆಯ ವ್ಯಾಯಾಮ. ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ಕೂಡುತ್ತಾರೆ ಎಂಬುದು ಅದರ ಹೆಚ್ಚುಗಾರಿಕೆ.

ಹಬ್ಬದ ಆಟವನ್ನು ಹೊಸ ಕಾಲದ ಆರೋಗ್ಯಕ್ಕೆ ಬಳಸಿದ ಒಂದು ನಿದರ್ಶನ ಪರದೇಶದಲ್ಲಿದೆ. ಚೀನಿಯರಲ್ಲಿ ಐದನೇ ಚಾಂದ್ರಮಾಸದ ಐದನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಕಾರಹುಣ್ಣಿಮೆಯ ಆಸುಪಾಸಿನಲ್ಲಿ, ಡ್ರ್ಯಾಗನ್ ದೋಣಿಗಳ ಪಂದ್ಯ ನಡೆಯುತ್ತದೆ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಹೆಂಗಸರು ತೋಳಿಗೆ ಶ್ರಮ ಕೊಟ್ಟರೆ ಬಾವು ಬರುತ್ತದೆ ಎಂದು ವೈದ್ಯರು ನಂಬಿದ್ದ ಕಾಲದಲ್ಲಿ, 1996ರಲ್ಲಿ, ಕೆನಡಾದ ವ್ಯಾಂಕೂವರಿನ ಡಾ. ಡಾನ್ ಮೆಕೆಂಜಿ ಅಂಥ 24 ಹೆಂಗಸರಿಗೆ ಈ ದೋಣಿಯ ಹುಟ್ಟು ಹಾಕಿಸಿದರು. ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಶ್ರಮ ಹೆಚ್ಚಿಸಿದ್ದರಿಂದ ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. ಇಂದು ಅನೇಕ ದೇಶಗಳಲ್ಲಿ ಇಂಥ ತಂಡಗಳಿವೆ.

ನಮ್ಮಲ್ಲಿಯೂ ಉತ್ಸಾಹಕ್ಕೆ ಕೊರತೆಯಿಲ್ಲ. ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಕಾರಹುಣ್ಣಿಮೆಗೆ ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಕುಸ್ತಿ, ಗುಂಡು ಎತ್ತುವ ಪಂದ್ಯಗಳೂ ಇರುತ್ತವೆ. ಎತ್ತಿಗೆ ತಿಂಗಳುಗಟ್ಟಲೆ ಹುರುಳಿ ತಿನ್ನಿಸಿ ತಯಾರು ಮಾಡುವ ರೈತ ತನ್ನ ಮಗನನ್ನು ಮಾತ್ರ ತಯಾರಿಯಿಲ್ಲದೆ ಗುಂಡಿನ ಮುಂದೆ ನಿಲ್ಲಿಸುತ್ತಾನೆ! ಬಹುಮಾನದ ಹಣದಲ್ಲಿ ಒಂದು ಪಾಲನ್ನು ಗರಡಿಯ ಮಣ್ಣಿಗೆ, ವಸ್ತಾದನ ಸಂಬಳಕ್ಕೆ ತೆಗೆದಿಟ್ಟರೆ ಊರಿಗೆ ಹೆಚ್ಚು ಉಪಕಾರವಾದೀತೆಂದು ನನ್ನ ಅಭಿಪ್ರಾಯ.

ಎತ್ತುವವರು ಹಬ್ಬಕ್ಕೆ ಎರಡು ಮೂರು ತಿಂಗಳ ಮುಂಚೆಯೇ ಹಗುರ ಭಾರದಿಂದ ತೊಡಗಬೇಕು. ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಕುಳಿತು, ಗುಂಡನ್ನು ಎದೆಗೆ ಒತ್ತಿಕೊಂಡು ಏಳಬೇಕು. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಒಮ್ಮೆಲೆ ಏರುತ್ತದೆ. ಏಳುವಾಗ ಉಸಿರು ಬಿಡಿರಿ. ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ ಇದ್ದವರು, ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡವರು ಈ ಪಂದ್ಯಕ್ಕೆ ಇಳಿಯಲೇಬಾರದು. ಕುಸ್ತಿ ಹಿಡಿಯುವವರು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿರಲಿ. ಮೈಮೇಲೆ ಗಜಕರ್ಣ ಎದ್ದರೆ ಗುಣವಾಗುವವರೆಗೆ ಕಣಕ್ಕೆ ಇಳಿಯಬೇಡಿ. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಅದು ಇನ್ನಷ್ಟು ಹರಡುತ್ತದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಶ್ರಾವಣದ ಉಪವಾಸವಿದ್ದ ದಿನ ಆಟಕ್ಕೆ ಹೋಗಬಾರದು. ಕೈ ನಡುಗಿ, ತಣ್ಣನೆ ಬೆವರು ಬಂದು, ಕಣ್ಣು ಕತ್ತಲಿಟ್ಟರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.