ಬಡಾವಣೆಯಲ್ಲಿ ಹಿತ್ತಲಿಗೂ ಜಾಗವಿರಲಿ

ಕೃಷ್ಣೆಯ ದಂಡೆಯ ತಿಂಥಣಿಗೆ ಮೌನೇಶ್ವರನ ದರ್ಶನಕ್ಕೆ ಹೋಗುವವರಿಗೆ ಕಾಲುವೆ ನೀರಿನ ಹಸಿರು ಕಣ್ಣಿಗೆ ಬೀಳುತ್ತದೆ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಪೂರ್ಣಗೊಂಡ ಮೇಲೆ ಸುರಪುರ, ಶಹಾಪುರ ಸೀಮೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ಭತ್ತ ಬಂತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇಡೀ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಇತ್ತು.

ಬಡತನ, ಬಾಲ್ಯವಿವಾಹ, ಕೊಳಕು ನೀರು ಎಂದು ಕಾರಣಗಳು ಹಲವು. ನಾವು ಮನೆ ಕಟ್ಟುವ ರೀತಿಯೂ ಅದರಲ್ಲಿ ಸೇರುತ್ತದೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ಹಿಂದೆ ಬಚ್ಚಲ ನೀರು ಹರಿಯುವಲ್ಲಿ ನುಗ್ಗೆ, ನಿಂಬೆ. ಪಕ್ಕದಲ್ಲಿ ನಾಲ್ಕು ಪುಂಡಿಪಲ್ಯದ ಗಿಡ. ಈಗ ಪಟ್ಟಣದ ಹೊಸ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆ; ಉಳಿದ ಮೊಳ ಜಾಗಕ್ಕೂ ಫರಸಿ ಕಲ್ಲು. ಸೊಪ್ಪು ಬೇಕೆಂದರೆ ವಾರದ ಸಂತೆಯೇ ಗತಿ. ಸೊಪ್ಪೋ ಎರಡು ದಿನಕ್ಕೆ ಬಾಡುತ್ತದೆ.

ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಸೊಪ್ಪಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕದು. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿದರೆ ಹೆಚ್ಚು ದಕ್ಕುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. (ನಮ್ಮಲ್ಲಿ ಚಹಾ ಬಿಡಿ ಎನ್ನುವುದು ಕಷ್ಟ, ಒಂದು ತಾಸು ತಡೆಯಿರಿ.) ರಕ್ತಹೀನತೆ ಇರುವವರು ಸೊಪ್ಪನ್ನೇ ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡಬಾರದು.

ಸೋವಿಯತ್ ಒಕ್ಕೂಟ ಒಡೆದು ಆಹಾರದ ಆಮದು ಕುಸಿದಾಗ, 1990ರ ದಶಕದಲ್ಲಿ ಕ್ಯೂಬಾದ ಹವಾನಾ ನಗರದವರು ಖಾಲಿ ನಿವೇಶನಗಳಲ್ಲೇ ತರಕಾರಿ ಬೆಳೆದರು. ನಮ್ಮ ಬಡಾವಣೆಗಳ ನಕ್ಷೆಯಲ್ಲೂ ಉದ್ಯಾನದ ಜಾಗವಿರುತ್ತದೆ. ಬಹಳ ಕಡೆ ಅಲ್ಲಿ ಬೆಳೆಯುವುದು ಜಾಲಿ. ಅದರ ಅಂಚಿಗೆ ನುಗ್ಗೆ, ಕರಿಬೇವು, ಪೇರಲ ನೆಡಲು ಓಣಿಯವರೆಲ್ಲ ಸೇರಿ ಪುರಸಭೆಯನ್ನು ಕೇಳಬೇಕು.

ಗಟಾರದ ನೀರನ್ನು ಮಾತ್ರ ಸೊಪ್ಪಿಗೆ ಬಿಡಬೇಡಿ. ಜಂತುಹುಳು, ಭೇದಿಗೆ ಅದೇ ದಾರಿ. ಬಚ್ಚಲ ನೀರು ಮರದ ಬುಡಕ್ಕಿರಲಿ, ಅಕ್ಕಿ-ಬೇಳೆ ತೊಳೆದ ನೀರು ಸೊಪ್ಪಿನ ಮಡಿಗೆ. ಮನೆ ಕಟ್ಟುವವರು ಬಚ್ಚಲ ಕಡೆ ಮೂರು ಅಡಿ ಮಣ್ಣು ಬಿಟ್ಟುಕೊಳ್ಳಿ. ಮಳೆಗಾಲ ಹಿಡಿಯುವಾಗ ಮುಂಗೈ ದಪ್ಪದ, ಎರಡು ಮೊಳ ಉದ್ದದ ನುಗ್ಗೆಯ ಕೊಂಬೆಯನ್ನು ಅಲ್ಲಿ ನೆಟ್ಟರೆ ಚಿಗುರುತ್ತದೆ.