ಬೆಂಡ್ ಪೈಪಿಗೆ ಪಟ್ಟಿ ಸುತ್ತಿಸುವ ಮುನ್ನ

ಹಳೆಯ ಬುಲೆಟ್‌ನ ಬೆಂಡ್ ಪೈಪಿಗೆ (ಎಂಜಿನ್‌ನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಕೊಳವೆಗೆ) ಹೀಟ್ ರ‍್ಯಾಪ್ ಸುತ್ತಿಸಿದರೆ ಗಾಡಿಗೆ ಬೇರೆಯದೇ ಗತ್ತು ಬರುತ್ತದೆ, ನಿಜ. ಫೈಬರ್‌ಗ್ಲಾಸ್ ಅಥವಾ ಬಸಾಲ್ಟ್ ಶಿಲೆಯ ಎಳೆಗಳಿಂದ ನೇಯ್ದ ಈ ಪಟ್ಟಿ ಶಾಖವನ್ನು ಪೈಪಿನೊಳಗೇ ಹಿಡಿದಿಡುತ್ತದೆ. ಬಿಸಿ ಆರದ ಹೊಗೆ ವೇಗವಾಗಿ ಹೊರಹೋಗುತ್ತದೆ; ಕಾಲಿಗೆ ತಾಗುವ ಕಾವೂ ತಗ್ಗುತ್ತದೆ. ರೇಸ್ ಬೈಕುಗಳಿಗೆ ಇದು ಒಗ್ಗುವುದು ಅದಕ್ಕೇ. ಪೇಟೆಯ ಟ್ರಾಫಿಕ್‌ನಲ್ಲಿ ಆ ಲಾಭ ಸವಾರನ ಅರಿವಿಗೂ ಬಾರದು.

ತೊಂದರೆ ಇರುವುದು ನೀರಿನಲ್ಲಿ.

ಆಗುಂಬೆ, ಮಡಿಕೇರಿ ಕಡೆಯ ಮಳೆಯಲ್ಲಿ ನೆನೆದು ನಿಂತ ಬೈಕಿನ ಪಟ್ಟಿ ತೇವ ಹೀರಿಕೊಂಡು ಗಂಟೆಗಟ್ಟಲೆ ಹಾಗೇ ಇರುತ್ತದೆ. ಕ್ರೋಮ್ ಲೇಪನದ ಸಾದಾ ಉಕ್ಕು ಒಳಗೊಳಗೇ ತುಕ್ಕು ಹಿಡಿಯುತ್ತದೆ. ತೂತು ಕಾಣುವುದು ಪಟ್ಟಿ ಬಿಚ್ಚಿದಾಗಲೇ. ಕರಾವಳಿಯ ಉಪ್ಪುಗಾಳಿ ಸೇರಿದರಂತೂ ಕೇಳುವುದೇ ಬೇಡ. ಎಂಜಿನ್ ಆಯಿಲ್ ಸೋರಿ ಪಟ್ಟಿಗೆ ಇಳಿದರೆ ಬೆಂಕಿಯ ಭಯವೂ ಉಂಟು.

ದಿನನಿತ್ಯ ಓಡಿಸುವ ಗಾಡಿಗೆ ಇದು ಬೇಡವೇ ಬೇಡ. ಕಾಲು ಸುಡುವುದೇ ಚಿಂತೆಯಾದರೆ ಲೋಹದ ಹೀಟ್ ಶೀಲ್ಡ್ ಸಾಕು. ಕೈಯಲ್ಲಿ ಹಣವಿದ್ದರೆ ಸೆರಾಮಿಕ್ ಲೇಪನ.

ಸುತ್ತಿಸಲೇಬೇಕೆಂಬ ಆಸೆಯಿದ್ದವರು ಸ್ಟೇನ್‌ಲೆಸ್ ಸ್ಟೀಲ್ ಪೈಪನ್ನೇ ಆರಿಸಿಕೊಳ್ಳಿ. ಫೈಬರ್‌ಗ್ಲಾಸ್ ಎಳೆ ಚರ್ಮಕ್ಕೆ ತುರಿಕೆ ತರುತ್ತದೆ, ಗ್ಲೌಸ್ ಮರೆಯಬೇಡಿ. ತುದಿಗಳನ್ನು ಸ್ಟೀಲ್ ಕ್ಲಾಂಪಿನಿಂದ ಬಿಗಿಯಿರಿ. ಮೊದಲ ಕೆಲವು ಸಲ ಪಟ್ಟಿಯಿಂದ ಹೊಗೆ ಬರುತ್ತದೆ, ಗಾಬರಿ ಬೇಡ. ಮಳೆಗಾಲಕ್ಕೆ ಮುಂಚೆ ಪಟ್ಟಿ ಬಿಚ್ಚಿಬಿಡಿ.